ಕಾವಿಗೆ ಕೂತ ಅತಿಥಿ

ನಿಮ್ಮ ಮನೆಗೆ ಬಂದವರು ನೀವು ಹಾಕಿದ ನಿಯಮವನ್ನು ನಿಮ್ಮೆದುರಿಗೇ ಮುರಿದು, ಕೊನೆಗೆ ನೀವೇ ಮೆಟ್ಟಿಲ ಕೆಳಗೆ ಕಳ್ಳನ ಹಾಗೆ ಸದ್ದಿಲ್ಲದೆ ಓಡಾಡುವಂತೆ ಆಗಿದೆಯಾ? ನನಗೆ ಆಗಿದೆ. ವಾಡಿಯಲ್ಲಿ ನಮ್ಮದು ಎರಡಂತಸ್ತಿನ ಮನೆ. ಮೇಲಿನ ರೂಮನ್ನು ದಿನದ ಬಾಡಿಗೆಗೆ ಕೊಡುತ್ತೇವೆ. ರೈಲು ತಪ್ಪಿಸಿಕೊಂಡವರು, ಫ್ಯಾಕ್ಟರಿ ಕೆಲಸಕ್ಕೆ ಬಂದವರು, ಮದುವೆಗೆ ಬಂದು ಬೀಗರ ಮನೆಯಲ್ಲಿ ಜಾಗ ಸಾಲದವರು, ಎಲ್ಲರೂ ಬರುತ್ತಾರೆ. ಬಾಗಿಲ ಮೇಲೆ ನಾನೇ ಬರೆಸಿದ ಬೋರ್ಡಿದೆ: 'ಸಾಕುಪ್ರಾಣಿ ತರಬಾರದು. ತಂದರೆ ಅವತ್ತೇ ಖಾಲಿ ಮಾಡಬೇಕು.'

ಈ ಬೋರ್ಡ್ ಸುಮ್ಮನೆ ಹುಟ್ಟಿದ್ದಲ್ಲ. ಒಮ್ಮೆ ಒಬ್ಬರ ನಾಯಿ ನನ್ನ ಹೊಸ ಬೂಟಿನಲ್ಲಿ ಎಡಗಾಲಿನದನ್ನಷ್ಟೇ ತಿಂದು ಹೋಯಿತು. ಬಲಗಾಲಿನದು ಇನ್ನೂ ಇದೆ, ಬೇಕಾದವರು ಕೇಳಿ. ಇನ್ನೊಬ್ಬರ ಗಿಳಿ ಎರಡೇ ದಿನದಲ್ಲಿ ನನ್ನ ಹೆಂಡತಿ ಶಶಿಕಲಾಳ ದನಿ ಕಲಿತು, "ರೀ, ಕೇಳಸಲಿಕತ್ತಿಲ್ಲೇನ್ರಿ?" ಎಂದು ಕೂಗತೊಡಗಿತು. ನಾನು ಒಂದೇ ಮಧ್ಯಾಹ್ನ ಐದು ಸಲ ಎದ್ದು ಓಡಿದೆ. ಇಪ್ಪತ್ತೆರಡು ವರ್ಷದ ಸಂಸಾರ, ದನಿ ಕೇಳಿದರೆ ಕಾಲು ತಾನೇ ಏಳುತ್ತದೆ.

ಹೋದ ಬೇಸಿಗೆ ಚಿಂಚೋಳಿ ಕಡೆಯ ಕೊಡ್ಲಿಯಿಂದ ಇಸ್ಮಾಯಿಲ್ ಮತ್ತು ಅವನ ಹೆಂಡತಿ ಮಹಬೂಬಿ ಬಂದರು. ಇಸ್ಮಾಯಿಲ್ ಗೌಂಡಿ. ಸಿಮೆಂಟ್ ಫ್ಯಾಕ್ಟರಿಯ ಭಟ್ಟಿ ಆರಿಸಿದಾಗ ಅದರೊಳಗೆ ಇಳಿದು ಹೊಸ ಇಟ್ಟಿಗೆ ಜೋಡಿಸುವವನು. ಹದಿನೈದು ದಿನದ ಕೆಲಸ. ಅಷ್ಟು ಸಪ್ಪಳವಿಲ್ಲದ ಅತಿಥಿಗಳನ್ನು ನಾನು ಕಂಡಿರಲಿಲ್ಲ. ಅನುಮಾನ ಅಲ್ಲೇ ಬರಬೇಕಿತ್ತು.

ಐದನೇ ದಿನ ಇಸ್ಮಾಯಿಲ್ ಕೆಲಸ ಮುಗಿಸಿ ಬಂದಾಗ ಹೆಂಡತಿ ಸಂತೆಗೆ ಹೋಗಿದ್ದಳು. ರೂಮಿಗೆ ಬೀಗ. "ಎರಡು ಕೀಲಿ ಕೊಟ್ಟೀನಲ್ಲೋ, ನಿಂದೆಲ್ಲಿ?" ಎಂದೆ.

ಅವನು ನೆಲ ನೋಡಿದ. "ಅದು ಕೆಲಸಕ್ಕ ಹತ್ಯದ್ರಿ ಮಾಲಕ್ರ."

ಬೀಗ ತೆಗೆಯುವುದನ್ನು ಬಿಟ್ಟು ಕೀಲಿಗೆ ಬೇರೆ ನೌಕರಿ ಎಲ್ಲಿ ಸಿಕ್ಕಿತು ಅಂತ ನನಗೆ ಕುತೂಹಲ. ಮಹಬೂಬಿ ಬಂದು ಬಾಗಿಲು ತೆಗೆದದ್ದೇ ತಡ, ಹಿಂದೆಯೇ ನುಗ್ಗಿದೆ. ಮೂಲೆಯಲ್ಲಿ ಹಳೇ ಸೀರೆ ಹೊದಿಸಿದ ಬುಟ್ಟಿ. ಸೀರೆ ಸರಿಸಿದರೆ ಕೆಂಪು ಕೋಳಿಯೊಂದು ಕೂತಿದೆ. ನಾನೇ ಬಾಡಿಗೆಗೆ ಬಂದವನು ಅನ್ನುವ ಹಾಗೆ ನನ್ನನ್ನು ನೋಡಿತು.

"ಏನವಾ ಇದು? ಬೋರ್ಡ್ ಓದಿಲ್ಲೇನು?" ಎಂದು ಗುಡುಗಿದೆ.

"ಜರಾ ಸಣ್ಣಗ ಮಾತಾಡ್ರಿ ಅಣ್ಣಾರ. ಕಾವಿಗೆ ಕುಂತದ."

"ಕೀಲಿ ಎಲ್ಲದ?"

"ಅದರ ಬುಡಕ್ಕ ಅದರಿ. ಗುಡುಗಿಗೆ ತತ್ತಿ ಕೆಡ್ತಾವಂತ ನಮ್ಮೂರಾಗ ಬುಟ್ಟ್ಯಾಗ ಕಬ್ಬಿಣ ಇಡ್ತೀವಿ. ನಿಮ್ಮೂರಾಗ ನೋಡಿದ್ರ ದಿನಾ ಮಧ್ಯಾಹ್ನ ಮಳಿ ಇಲ್ದನೇ ಗುಡುಗ್ತದ!"

ಕಲ್ಲಿನ ಗಣಿಯ ಬ್ಲಾಸ್ಟಿಂಗ್! ಹುಟ್ಟಿದಾಗಿನಿಂದ ಕೇಳಿ ಕೇಳಿ ನಮಗೆ ಅದು ಗಡಿಯಾರದ ಗಂಟೆಯಷ್ಟೇ. ಪಾಪ, ಅವಳು ಆ ಸದ್ದಿನಿಂದ ತತ್ತಿ ಕಾಪಾಡಲು ಕೈಗೆ ಸಿಕ್ಕ ಕಬ್ಬಿಣ ಇಟ್ಟಿದ್ದಳು.

ಊರಲ್ಲಿ ರೋಗ ಬಂದು ಅವಳ ಕೋಳಿಗಳೆಲ್ಲ ಸತ್ತು ಇದೊಂದೇ ಉಳಿದಿತ್ತಂತೆ. ನೋಡಿಕೊಳ್ಳುವವರಿಲ್ಲ ಎಂದು ತತ್ತಿ ಬುಟ್ಟಿ ಸಮೇತ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. "ಈ ಹನ್ನೊಂದು ತತ್ತಿ ಹೋದ್ರ ನನ್ನ ಕೋಳಿ ವಂಶನೇ ಮುಗೀತ್ರಿ. ಬರುವಾಗ ತತ್ತ್ಯಾಗ ಜೀವ ಇನ್ನಾ ಎಳೇದಿತ್ತು, ಈಗ ಬಲತದ. ಈಗ ಅಲ್ಲಾಡಿಸಿದ್ರ ಮುಗೀತು."

"ಅದೆಲ್ಲ ಗೊತ್ತಿಲ್ಲ. ನಿಯಮ ಅಂದ್ರ ನಿಯಮ. ಇವತ್ತೇ ಖಾಲಿ ಮಾಡ್ರಿ."

ಅವಳು ಬುಟ್ಟಿಯ ಮೇಲೆ ಸೀರೆ ಮತ್ತೆ ಹೊದಿಸಿದಳು. "ಆಯ್ತ್ರಿ. ನಿಯಮ ಮುರಿದಾಕಿ ನಾನು, ಕೋಳಿ ಅಲ್ಲ. ನಾವಿಬ್ರೂ ಹೋಗ್ತೀವಿ. ಅದು ಇಲ್ಲೇ ಇರಲಿ. ಏಳು ದಿನಕ್ಕ ಬಂದು ಕರಕೊಂಡು ಹೋಗ್ತೀನಿ."

ಫೇಸ್‌ಬುಕ್ಕಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದ ನಾನು ಸೀದಾ ನಮ್ಮ ಮನೆಯ ಹೈಕೋರ್ಟಿಗೆ, ಅಂದರೆ ಶಶಿಕಲಾಳಿಗೆ, ಕೂಗು ಹಾಕಿದೆ. ಅವಳು ಹಿಟ್ಟಿನ ಕೈಯಲ್ಲೇ ಮೇಲೆ ಬಂದಳು. ಬೋರ್ಡ್ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬುಟ್ಟಿ ನೋಡಿದಳು.

"ಎಷ್ಟ್ ದಿನ ಆಯ್ತು?"

"ಹದಿನಾಕ್ರಿ ಅಕ್ಕೋರ."

"ಹಂಗಾದ್ರ ಏಳು ದಿನ ಇರಲಿ. ಆದ್ರ ಕೇಳು, ಮೇಯಲಿಕ್ಕ ಛತ್ತಿನ ಮ್ಯಾಲೇ ಬಿಡಬೇಕು. ಹೊಲಸು ಮಾಡಿದ್ರ ಅವಾಗೇ ಬೂದಿ ಹಾಕಿ ತೊಳೀಬೇಕು. ಮರಿ ಬಂದ ಮರುದಿನ ಬುಟ್ಟಿ ಹೊರಗ. ಇನ್ನ ಕೀಲಿ ವಾಪಸ್ ಕೊಡು, ಬ್ಯಾರೆ ಕಬ್ಬಿಣ ಕೊಡ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಏಳು ದಿನ ಈ ಮೆಟ್ಟಲ ಹತ್ತಬ್ಯಾಡ್ರಿ. ನಿಮ್ಮ ದನಿಗೆ ಯಾವ ಕಬ್ಬಿಣಾನೂ ತಡ್ಯಂಗಿಲ್ಲ."

ಕೀಲಿಯ ಬದಲು ನನ್ನ ಸ್ಕೂಟರಿನ ನಟ್ಟು ಬಿಚ್ಚುವ ಪಾನಾ ಕೋಳಿಯ ಕೆಳಗೆ ಹೋಯಿತು. ಕೀಲಿ ತೆಗೆಯಲು ಕೈ ಹಾಕಿದವನು ನಾನು. ಕುಕ್ಕಿದ ಗುರುತು ಇನ್ನೂ ಇದೆ. ಕೂಗಾಡದೆ, ಒಬ್ಬರನ್ನೂ ಹೊರಹಾಕದೆ, ನಿಯಮವನ್ನೂ ಮರ್ಯಾದೆಯನ್ನೂ ಉಳಿಸಿದ ಹೆಂಡತಿಯನ್ನು ನೋಡುತ್ತಾ ನಿಂತೆ. ನಾನು ಬೋರ್ಡ್ ಬರೆಸಬಲ್ಲೆ, ಮನೆ ನಡೆಸುವವಳು ಅವಳು.

ಮುಂದಿನ ವಾರದ ನನ್ನ ಕಥೆ ಹೇಳಲು ನಾಚಿಕೆ. ಮಧ್ಯಾಹ್ನ ಬ್ಲಾಸ್ಟಿಂಗ್ ಆದ ಕೂಡಲೇ ಮೇಲಕ್ಕೆ ನೋಡುತ್ತಿದ್ದೆ. ಕಾಯಿಪಲ್ಲೆಯವನು ಕೂಗಿದರೆ "ಶ್!" ಎನ್ನುತ್ತಿದ್ದೆ. ಏಳನೇ ದಿನ ಬೆಳಿಗ್ಗೆ ಮೆಟ್ಟಿಲ ಕೆಳಗೆ ಕಿವಿಗೊಟ್ಟು ನಿಂತಿದ್ದಾಗ ಮೇಲಿನಿಂದ ಚಿಂವ್ ಎಂಬ ದನಿ ಕೇಳಿತು. ಮಹಬೂಬಿ ಇಣುಕಿ, "ಒಂಬತ್ತು ಬಂದಾವ ಅಣ್ಣಾರ, ಈಗ ಬರ್ರಿ!" ಎಂದಳು. ಒಂದು ನೆಗೆತಕ್ಕೆ ಮೂರು ಮೆಟ್ಟಿಲಿನಂತೆ ಹಾರಿದೆ.

ಅವರು ಹೋಗುವ ದಿನ ರೂಮು ನಮ್ಮ ಅಡುಗೆಮನೆಗಿಂತ ಸ್ವಚ್ಛವಿತ್ತು. ಪಾನಾ ತೊಳೆದು ಒರೆಸಿ ಕಿಟಕಿಯಲ್ಲಿಟ್ಟಿದ್ದಳು. ಎರಡು ದಿನ ಬಿಟ್ಟು ಫೋನಿನಲ್ಲಿ ನಮ್ಮ ರೂಮಿನ ಬಗ್ಗೆ ಇಸ್ಮಾಯಿಲ್ ಬರೆದದ್ದು ಕಂಡಿತು. ಐದಕ್ಕೆ ನಾಲ್ಕು ಚುಕ್ಕಿ. "ರೂಮ್ ಚಲೋ ಅದ. ಅಕ್ಕೋರು ಭಾಳ ಚಲೋರು. ಮಾಲಕ್ರು ಜೋರ ಮಾತಾಡ್ತಾರ, ಕಾವಿಗೆ ಕುಂತ ಕೋಳಿ ತರೋರು ವಿಚಾರ ಮಾಡಿ ತರ್ರಿ."

ಬೋರ್ಡ್ ಇನ್ನೂ ಅಲ್ಲೇ ಇದೆ. ನಿನ್ನೆ ಸೇಡಂನಿಂದ ಯಾರೋ ಫೋನ್ ಮಾಡಿ ಮೊದಲು ಕೇಳಿದ್ದು, "ಅಕ್ಕೋರು ಮನ್ಯಾಗ ಅದಾರೇನ್ರಿ?" ಅಂತ. ನಿಮ್ಮ ನಿಯಮ ನಿಮ್ಮ ತಲೆಯ ಮೇಲೇ ಹೀಗೆ ಕಾವಿಗೆ ಕೂತಿದ್ದರೆ ಕೆಳಗೆ ಬರೆಯಿರಿ. ನಾಚಬೇಡಿ, ಇಲ್ಲಿ ಒಬ್ಬನೇ ಇರಲು ನನಗೆ ಬೇಜಾರು.