ಭುಜದ ಮೇಲಿನ ನಾಲ್ಕು ಬೆರಳು

ನಮ್ಮ ಬಾಪ್ಪುವನ್ನು ಊಟಕ್ಕೆ ಕರೆಯುವವರು ಮೊದಲು ಮನೆಯ ಹಳೆಯ ಆಲ್ಬಮ್‌ಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಒಳ್ಳೆಯದು. ಬಾಪ್ಪು ಎಂದರೆ ನಮ್ಮ ಕೊಂಕಣಿಯಲ್ಲಿ ಅಪ್ಪನ ತಮ್ಮ. ಕೆಮಿಸ್ಟ್ರಿ ಲೆಕ್ಚರರ್ ಆಗಿ ರಿಟೈರ್ ಆದವರು, ಮದುವೆಯಾಗದವರು. ಯಾಕೆ ಆಗಲಿಲ್ಲ ಎಂಬುದಕ್ಕೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಉತ್ತರ ಬಾಯಿಪಾಠ: "ಸರಿಯಾದ ಪ್ರಪೋಸಲ್ ಬರಲಿಲ್ಲ." ಅರುವತ್ತೆಂಟು ವರ್ಷದಲ್ಲಿ ಒಂದೂ ಸರಿಯಾದದ್ದು ಬರಲಿಲ್ಲವೇ? ಹಾಗೆಲ್ಲ ಕೇಳಬಾರದು. ಕೇಳಿದರೆ ಅಮ್ಮ ಕೂಡಲೇ "ಇನ್ನೊಂದು ಸಾನ್ನ ಹಾಕ್ಲಾ?" ಎನ್ನುತ್ತಾರೆ.

ಬೇರೆಯವರು ರಿಟೈರ್ ಆಗಿ ಆರ್ಕಿಡ್ ಬೆಳೆಸುತ್ತಾರೆ. ಬಾಪ್ಪು ಜೋಡಿ ಗಂಡಸರ ಹಳೆಯ ಫೋಟೊ ಹುಡುಕತೊಡಗಿದರು. ಹೋದ ಮನೆಯಲ್ಲೆಲ್ಲ ಇದೇ ವಿಚಾರಣೆ.

"ಇವರು ಯಾರು?"

"ನಮ್ಮ ಅಂಕಲ್‌ನ ಫ್ರೆಂಡ್."

"ಎಷ್ಟು ವರ್ಷದ ಫ್ರೆಂಡ್?"

"ಸಾಯುವವರೆಗೆ."

"ಹೆಸರು?"

ಅಲ್ಲಿಗೆ ಆತಿಥ್ಯ ಮುಗಿಯಿತು. ಮೂವತ್ತು ವರ್ಷ ಆ ಮನೆಯ ಮೀನುಸಾರು ಉಂಡವನ ಹೆಸರು ಯಾರಿಗೂ ನೆನಪಿಲ್ಲ. ಆಗ ಸಾಕಿದ್ದ ನಾಯಿಯ ಹೆಸರು ಮಾತ್ರ ಎಲ್ಲರಿಗೂ ನೆನಪುಂಟು!

ಅಪ್ಪ ಒಮ್ಮೆ ರೇಗಿದರು. "ಸತ್ತವರ ಸುದ್ದಿ ನಿನಗೆ ಎಂತಕ್ಕೆ ಮಾರಾಯ?"

"ನಮ್ಮ ಊರಲ್ಲೂ ಗೇ ಜನ ಇದ್ದರು ಅಂತ ಒಂದು ನೋಟ್‌ಬುಕ್ಕಿನಲ್ಲಾದರೂ ಇರ್ಲಿ. ಹೆಸರು ಸಮೇತ," ಎಂದರು ಬಾಪ್ಪು.

ಅಪ್ಪ ಎದ್ದು ಪಂಪ್ ಹಾಕಲು ಹೋದರು. ಟ್ಯಾಂಕ್ ಆಗಲೇ ತುಂಬಿತ್ತು.

ಕಳೆದ ವರ್ಷ ಪಡೀಲಿನಲ್ಲಿ ಒಂದು ಸ್ಟುಡಿಯೊ ಮುಚ್ಚಿತು. ಯಾರೂ ಕೊಂಡುಹೋಗದೆ ಉಳಿದ ಫೋಟೊಗಳೆಲ್ಲ ಗುಜರಿ ಅಂಗಡಿಗೆ ಬಂದವು. ಬಾಪ್ಪು ತುಕ್ಕು ಹಿಡಿದ ಡಬ್ಬಗಳ ನಡುವೆ ಕುಳಿತು ಎರಡು ದಿನ ಗೋಣಿ ಜಾಲಾಡಿದರು. ಅಂಗಡಿಯ ಬ್ಯಾರಿ ಕಾಕನಿಗೆ ಪಾಪ ಅನಿಸಿರಬೇಕು. "ಎಂತ ಸರ್, ನಿಮ್ಮವರು ಯಾರಾದರೂ ಕಾಣೆಯಾಗಿದ್ದಾರಾ?" ಎಂದು ಚಾ ತರಿಸಿಕೊಟ್ಟರು.

"ಹೌದು," ಎಂದರು ಬಾಪ್ಪು, ತಲೆಯೆತ್ತದೆ.

ಕೊನೆಗೆ ಸಿಕ್ಕಿದ್ದು ಒಂದು ಲಕೋಟೆ. ಒಳಗಿನ ಫೋಟೊದಲ್ಲಿ ಹಿಮಾಲಯದ ಪರದೆಯ ಮುಂದೆ ಒಬ್ಬ ಕುರ್ಚಿಯಲ್ಲಿ, ಇನ್ನೊಬ್ಬ ಅವನ ಭುಜದ ಮೇಲೆ ಕೈಯಿಟ್ಟು ಪಕ್ಕದಲ್ಲಿ, ಥೇಟು ಮದುಮಕ್ಕಳ ಹಾಗೆ. ಲಕೋಟೆಯ ಮೇಲೆ ಸುರತ್ಕಲ್‌ನ ಒಂದು ವಿಳಾಸ. ಬಾಪ್ಪು ನನ್ನ ಸ್ಕೂಟರಿನ ಹಿಂದೆ ಹತ್ತಿ ಕುಳಿತರು.

ಆ ಮನೆಯ ಗೋಡೆಯಲ್ಲಿ ಅದೇ ಫೋಟೊದ ಇನ್ನೊಂದು ಪ್ರತಿ ಇತ್ತು. ಕುರ್ಚಿಯವನಿಗೆ ಹಾರ ಹಾಕಿದ್ದರು, ಪಕ್ಕದವನಿಗೆ ಕತ್ತರಿ. ಆದರೆ ಕತ್ತರಿಸಿದವರು ಅವಸರದವರು. ಕುರ್ಚಿಯವನ ಭುಜದ ಮೇಲೆ ನಾಲ್ಕು ಬೆರಳು ಉಳಿದುಬಿಟ್ಟಿದ್ದವು.

"ನಮ್ಮ ಮಾವ. ಒಬ್ಬರೇ ತೆಗೆಸಿಕೊಂಡದ್ದು," ಎಂದ ಮನೆಯ ಯಜಮಾನ.

"ಮತ್ತೆ ಈ ಬೆರಳು?"

"ಅದು ಪ್ರಿಂಟಿಂಗ್ ಮಿಸ್ಟೇಕ್ ಸರ್."

ಅವನು ಶರಬತ್ತು ತರಲು ಒಳಗೆ ಹೋದ. ಮೂಲೆಯಲ್ಲಿ ಕುಳಿತಿದ್ದ ಅವನ ತಾಯಿ, ಫೋಟೊದಲ್ಲಿದ್ದವನ ತಂಗಿ, ಬಾಪ್ಪುವಿನ ಕೈಯಿಂದ ಇಡೀ ಫೋಟೊ ತೆಗೆದುಕೊಂಡು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ವಾಸು. ಶಕ್ತಿನಗರದಲ್ಲಿ ಟೈಲರ್. ಅಣ್ಣ ತೀರಿಹೋದ ದಿನ ಗೇಟಿನವರೆಗೆ ಬಂದಿದ್ದ. ನಾವು ಒಳಗೆ ಬಿಡಲಿಲ್ಲ." ಮಗನ ಹೆಜ್ಜೆ ಕೇಳಿದ್ದೇ ದನಿ ಏರಿತು: "ನನಗೆ ಕಣ್ಣು ಕಾಣುವುದಿಲ್ಲ ಮಾರಾಯ್ರೆ."

ಶಕ್ತಿನಗರದಲ್ಲಿ ವಿಚಾರಿಸಿದರೆ ವಾಸು ಟೈಲರ್ ಬದುಕಿದ್ದರು! ಎಂಬತ್ತು ದಾಟಿದೆ, ಮಿಷನ್ನಿನ ಮುಂದೆಯೇ ಕುಳಿತಿದ್ದರು. ಬಾಪ್ಪು ಫೋಟೊ ಕೊಟ್ಟರು. ಅವರು ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿ, "ಅವನ ಕಾಲರ್ ಸರಿ ಕೂತಿಲ್ಲ. ನಾನೇ ಹೊಲಿದದ್ದು," ಎಂದರು. ಕನ್ನಡಕ ತೆಗೆದು ಒರೆಸಿಕೊಂಡ ಮೇಲೆ ಬಾಪ್ಪುವನ್ನು ಕೇಳಿದರು: "ನಿಮ್ಮದು ಉಂಟಾ, ಹೀಗೆ ಒಟ್ಟಿಗೆ ತೆಗೆಸಿದ್ದು?"

ಊರಿಗೆಲ್ಲ ಪ್ರಶ್ನೆ ಹಾಕುವ ಬಾಪ್ಪುವೇ ಈಗ ಉತ್ತರ ಹೇಳಬೇಕಾಯಿತು.

"ಇಲ್ಲ. ಸ್ಟುಡಿಯೊದ ಮೆಟ್ಟಿಲವರೆಗೆ ಹೋಗಿದ್ದೆವು. ನಾನು ಹೆದರಿ ವಾಪಸ್ ಬಂದೆ."

ಮನೆಗೆ ಬರುವಾಗ ನಂತೂರಿನಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದೆವು. "ಮೆಟ್ಟಿಲವರೆಗೆ ಬಂದವರ ಹೆಸರೆಂತ ಬಾಪ್ಪು?" ಎಂದೆ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರೂ, ನಾನೂ ಸೇರಿ, ಕೇಳದ ಪ್ರಶ್ನೆ.

"ಲ್ಯಾನ್ಸಿ," ಎಂದರು ಬೆನ್ನ ಹಿಂದಿನಿಂದ. "ಚೆಂದ ಸೀಟಿ ಹೊಡೀತಿದ್ದ."

ಮನೆಗೆ ತಿರುಗುವ ರಸ್ತೆ ಬಂತು. ನಾನು ತಿರುಗಲಿಲ್ಲ. ಬಾಪ್ಪು ಇನ್ನೂ ಹೇಳುತ್ತಿದ್ದರು.