ಕಾರಿನಲ್ಲೇ ಉಳಿದ ತಾತಾ ಸೆವೆರೊ

ಸೆನೋನ್ ತಾರ್ಕಿಗೆ ಬಟ್ಟೆ ಗಿರಣಿಯ ಮಾಲೀಕರು ಹದಿನಾಲ್ಕು ತಿಂಗಳ ಸಂಬಳ ಕೊಡುವುದು ಇನ್ನೂ ಬಾಕಿ ಇದೆ. ಗಿರಣಿ ಮುಚ್ಚಿತು, ಅದರ ಗೋಡೆ ಕೆಡವಿ ಕಾರು ನಿಲ್ಲಿಸುವ ಬಯಲು ಮಾಡಿದರು, ಮಾಲೀಕರು ಸತ್ತರು, ಮಾಲೀಕರ ಮಕ್ಕಳು ಬೇರೆ ದೇಶಕ್ಕೆ ಹೋಗಿ ಬೊಜ್ಜು ಬೆಳೆಸಿದರು. ಬಾಕಿ ಮಾತ್ರ ಇದ್ದಲ್ಲೇ ಇದೆ. ಅದಕ್ಕಾಗಿ ಸೆನೋನ್ ಮಾಡದ ಹೋರಾಟವಿಲ್ಲ. ಬೆಟ್ಟದ ಮೇಲಿನ ಎಲ್ ಆಲ್ತೊದಿಂದ ಸರ್ಕಾರ ಕೂರುವ ಲಾ ಪಾಸ್‌ಗೆ ಇಳಿಯುವ ದಾರಿಯಲ್ಲಿ ಘೋಷಣೆ ಕೂಗುತ್ತ ನಡೆದು ನಡೆದು ಅವನ ಮೊಣಕಾಲಿನ ಚಿಪ್ಪು ಸವೆದಿತ್ತು. ಅಶ್ರುವಾಯು ಕುಡಿದ, ಲಾಠಿ ತಿಂದ, ಉಪವಾಸ ಬಿದ್ದ. (ಕುಡಿದದ್ದು, ತಿಂದದ್ದು, ತಿನ್ನದೆ ಇದ್ದದ್ದು, ಮೂರೂ ಸರ್ಕಾರದ ಲೆಕ್ಕದಲ್ಲಿ.)

ಅವನ ಹೆಂಡತಿ ಹೆರ್ಮಿನಿಯಾ ಸರ್ಕಾರವನ್ನು ಕೇಳುವುದು ಬಿಟ್ಟು ಬಹಳ ಕಾಲವಾಗಿತ್ತು. ಅವಳು ಏನಿದ್ದರೂ ಕೇಳುತ್ತಿದ್ದದ್ದು ತಾತಾ ಸೆವೆರೊನನ್ನು.

ತಾತಾ ಸೆವೆರೊ ಎಂದರೆ ಒಂದು ತಲೆಬುರುಡೆ. ಹೆರ್ಮಿನಿಯಾಳ ತಾಯಿಯ ಕಾಲದಿಂದ ಮನೆಯಲ್ಲಿದ್ದದ್ದು. ಬದುಕಿದ್ದಾಗ ಅದು ಯಾರ ಕೊರಳ ಮೇಲಿತ್ತೋ ಯಾರಿಗೂ ಗೊತ್ತಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ. ಊರಿನವರು ಇಂಥವರನ್ನು ಮುದ್ದಿನಿಂದ ಮೊಂಡುಮೂಗಿನವರು ಎನ್ನುತ್ತಾರೆ. ಕಣ್ಣಿನ ಗುಳಿಗೆ ಹತ್ತಿ, ತಲೆಗೆ ಕಿವಿ ಮುಚ್ಚುವ ಉಣ್ಣೆ ಟೋಪಿ, ಇರಲು ಗಾಜಿನ ಬಾಗಿಲಿನ ಮರದ ಪೆಟ್ಟಿಗೆ. ಸೋಮವಾರ ಬಂದರೆ ಮೇಣದಬತ್ತಿ, ಒಂದು ಹಿಡಿ ಕೋಕಾ ಎಲೆ, ಹಲ್ಲಿನ ಸಂದಿಗೆ ಹಚ್ಚಿದ ಸಿಗರೇಟು. ಇದಕ್ಕೆ ಪ್ರತಿಯಾಗಿ ಆತ ಕಳ್ಳರನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಏನಾದರೂ ಕಳೆದರೆ ಹೆರ್ಮಿನಿಯಾಳ ಕನಸಿಗೆ ಬಂದು ಎಲ್ಲಿದೆ ಎಂದು ಹೇಳಿ ಹೋಗುತ್ತಿದ್ದ. ಗ್ಯಾಸ್ ಸಿಲಿಂಡರ್ ಕಳುವಾದಾಗ ಹಿಂದಿನ ಬೀದಿಯ ಕೋಳಿಗೂಡಿನ ಮರೆಯಲ್ಲಿದೆ ಎಂದವನು ಅವನೇ. ಇತ್ತು ಕೂಡ.

ಸೆನೋನ್ ಇದನ್ನೆಲ್ಲ ನಂಬುವವನಲ್ಲ. "ದುಡಿಯುವವರ ಮೊದಲ ಶತ್ರು ಮೂಢನಂಬಿಕೆ" ಎಂದು ಆ ಪೆಟ್ಟಿಗೆಯ ಮುಂದೆಯೇ ಭಾಷಣ ಬಿಗಿಯುತ್ತಿದ್ದ. ಬಿಗಿದು ದಣಿದ ಮೇಲೆ, ಹೆಂಡತಿ ಹಿತ್ತಲಿಗೆ ಹೋದ ಹೊತ್ತು ನೋಡಿ, ಬುರುಡೆಯ ಬಾಯಿಂದ ಸಿಗರೇಟು ಕಿತ್ತು ಉಳಿದರ್ಧವನ್ನು ತಾನು ಸೇದುತ್ತಿದ್ದ.

ನವೆಂಬರ್ ಎಂಟಕ್ಕೆ ಮೊಂಡುಮೂಗಿನವರ ಹಬ್ಬ. ಗಂಡ ಹೆಂಡತಿ ತಾತಾನನ್ನು ಕೆಳಗಿನ ದೊಡ್ಡ ಸ್ಮಶಾನಕ್ಕೆ ಕರೆದೊಯ್ದರು. ಹೂವಿನ ಕಿರೀಟ ಇಟ್ಟರು, ಪಾದ್ರಿಯಿಂದ ಪವಿತ್ರ ಜಲ ಚಿಮುಕಿಸಿಕೊಂಡರು, ತುತ್ತೂರಿಯವರಿಗೆ ಕಾಸು ಕೊಟ್ಟು ಎರಡು ಹಾಡು ಊದಿಸಿದರು. ಮೊದಲ ಗುಟುಕು ಭೂಮಿತಾಯಿಗೆ ಚೆಲ್ಲಿ ಉಳಿದ ಬಿಯರನ್ನು ಸೆನೋನ್ ತನ್ನ ತತ್ವಕ್ಕೆ ಧಕ್ಕೆ ಬಾರದಂತೆ ಕುಡಿದ. ಹೊರಡುವ ಹೊತ್ತಿಗೆ ಮಿನಿಬಸ್ಸುಗಳಲ್ಲಿ ಬುರುಡೆ ಇಡಲೂ ಜಾಗವಿರಲಿಲ್ಲ. ಆಗ ಸೆನೋನ್ ಎದೆಯುಬ್ಬಿಸಿ ಫೋನು ತೆಗೆದ. ಫೋನಿನಲ್ಲೇ ಕಾರು ಕರೆಸುವ ವಿದ್ಯೆಯನ್ನು ಅವನು ಹೊಸದಾಗಿ ಕಲಿತಿದ್ದ.

ಕಾರು ಬಂತು, ಮನೆ ಮುಟ್ಟಿಸಿತು. ಹೆರ್ಮಿನಿಯಾ ಪಾತ್ರೆ, ಮಣೆ, ಮಿಕ್ಕ ಹೂವು ಹೊತ್ತು ಇಳಿಯುತ್ತ, "ಉಳಿದದ್ದು ನೀನು ತಗೋ" ಎಂದಳು. ಉಳಿದದ್ದು ಎರಡು: ತಾತಾನ ಪೆಟ್ಟಿಗೆ ಮತ್ತು ಖಾಲಿ ಬಿಯರ್ ಬಾಟಲಿಗಳ ಪೆಟ್ಟಿಗೆ. ಬಾಟಲಿ ವಾಪಸು ಕೊಡದಿದ್ದರೆ ಅಂಗಡಿಯವನು ಠೇವಣಿ ಮುರಿದುಕೊಳ್ಳುತ್ತಾನೆ. ಸೆನೋನ್ ಕೂಸನ್ನು ಎತ್ತಿದಂತೆ ಬಾಟಲಿಗಳನ್ನು ಎತ್ತಿಕೊಂಡು, ಒಂದಕ್ಕೂ ಪೆಟ್ಟಾಗದಂತೆ ಒಳಗೆ ತಂದಿಟ್ಟ. ಕಾರು ಹೊರಟುಹೋಯಿತು.

"ತಾತಾ ಎಲ್ಲಿ?" ಎಂದಳು ಹೆರ್ಮಿನಿಯಾ.

"ಯಾವ ತಾತಾ?" ಎಂದ ಸೆನೋನ್.

ಕೆಲವು ಪ್ರಶ್ನೆಗಳನ್ನು ಗಂಡನಾದವನು ಕೇಳಬಾರದು.

"ತಲೆ ಬಿಟ್ಟು ಖಾಲಿ ಬಾಟ್ಲಿ ತಂದ್ಯಾ? ಅಯ್ಯೋ ನಿನ್ನ ಮನೆ ಹಾಳಾಗ!"

"ನಮ್ಮ ಮನೆ ಅಲ್ವೇನೇ ಅದು? ಅಲ್ಲ, ಅದೂ ಖಾಲಿ ತಲೇನೇ ತಾನೇ..."

"ನಿನ್ನದಕ್ಕಿಂತ ತುಂಬಿದೆ!"

"ಕೂಗ್ಬೇಡ ಮಾರಾಯ್ತಿ. ಒಂದು ವಸ್ತು ಕಳೀತು ಅಂದ್ರೆ..."

"ವಸ್ತು ಕಳೆದ್ರೆ ತಾತಾನ ಕೇಳ್ತಿದ್ದೆ. ತಾತಾನೇ ಕಳೆದ್ರೆ ಯಾರನ್ನ ಕೇಳ್ಲಿ? ನಿನ್ನನ್ನಾ? ಹಣೆ ಮೇಲಿರೋ ಕನ್ನಡಕ ಹುಡುಕೋಕೂ ನಿನಗೆ ನಾನು ಬೇಕು!"

ಆಮೇಲೆ ಅವಳು ಕೂಗುವುದನ್ನು ನಿಲ್ಲಿಸಿದಳು. ಸೆನೋನ್‌ಗೆ ನಿಜಕ್ಕೂ ಭಯವಾದದ್ದು ಆಗಲೇ.

"ನೀನು ಮೆರವಣಿಗೇಲಿದ್ದೆ," ಎಂದಳು ತಣ್ಣಗೆ. "ನೀನು ಲಾಕಪ್ಪಲ್ಲಿದ್ದೆ. ನೀನು ಮಂತ್ರಿ ಬಾಗಿಲಲ್ಲಿ ಮಲಗಿದ್ದೆ. ನಾನು ದಿನವೆಲ್ಲ ಸಂತೇಲಿ ಈರುಳ್ಳಿ ಮಾರಿ ಬಂದು ಬಾಗಿಲು ತೆಗೆದ್ರೆ, ‘ಬಂದೆ ಕಣಪ್ಪ’ ಅಂತ ಹೇಳೋಕೆ ಈ ಮನೇಲಿ ಇದ್ದ ಗಂಡಸು ಅವನೊಬ್ಬನೇ. ಅವನು ಬರೋವರೆಗೂ ಒಲೆ ಹಚ್ಚಲ್ಲ."

ಹೋಗಿ ಗ್ಯಾಸ್ ತಿರುವಿ ಬಂದ್ ಮಾಡಿದಳು. ಸೆನೋನ್ ಮೂರು ಸರ್ಕಾರಗಳ ಎದುರು ಉಪವಾಸ ಕೂತವನು. ಆದರೆ ಆ ಉಪವಾಸಗಳಿಗೆ ಪತ್ರಿಕೆಯವರು ಬರುತ್ತಿದ್ದರು.

ಅವನು ಫೋನಿಗೆ ಶರಣಾದ. ಕಾರಿನಲ್ಲಿ ಏನು ಬಿಟ್ಟಿರಿ ಎಂದು ಅದು ಕೇಳಿತು: ಫೋನು, ಚೀಲ, ಕೊಡೆ, ಉಡುಪು, ಇತರೆ. ಇತರೆ ಒತ್ತಿದ. ವಿವರಿಸಿ ಎಂದಿತು. "ವಯಸ್ಸಾದ ಗಂಡಸು, ಉಣ್ಣೆ ಟೋಪಿ, ಹಲ್ಲು ಅಲ್ಲಲ್ಲಿ" ಎಂದು ಬರೆದ. ನಿಮ್ಮ ಜೊತೆಗಾರರು ತಾವಾಗಿ ಇಳಿಯಲು ಅಶಕ್ತರೇ? ಹೌದು. ಹಾಗಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. "ಅವರು ಸತ್ತು ಬಹಳ ವರ್ಷವಾಯಿತು" ಎಂದು ಬರೆದ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು, ಇಂದಿನ ಪ್ರಯಾಣಕ್ಕೆ ಎಷ್ಟು ನಕ್ಷತ್ರ ಕೊಡುವಿರಿ ಎಂದಿತು.

"ಎಷ್ಟು ಕೊಟ್ಟೆ?" ಎಂದಳು ಹೆರ್ಮಿನಿಯಾ, ಹಿಂದಿನಿಂದ ಇಣುಕಿ.

"ಮೂರು. ತಿರುವಲ್ಲಿ ಎತ್ತಿಹಾಕಿದ."

"ಐದು ಕೊಡು ಮುದುಕಾ! ತಾತಾ ಅವನ ಕೈಲಿದ್ದಾನೆ!"

ಬೆಳಿಗ್ಗೆ ಡ್ರೈವರನೇ ಫೋನು ಮಾಡಿದ. ಹೆಸರು ಲಿಂಬೆರ್. ದನಿ ಆಸ್ಪತ್ರೆಯಲ್ಲಿ ಮಾತಾಡುವವನಂತೆ ಮೆತ್ತಗಿತ್ತು. "ಯಜಮಾನ್ರೇ, ತಾತಾ ಕ್ಷೇಮ. ಈಗಷ್ಟೇ ಸಿಗರೇಟು ಸೇದಿದ್ರು. ಸಂತೆ ಪಕ್ಕದ ದೊಡ್ಡ ರಸ್ತೇಲಿದ್ದೀವಿ, ನೋಡ್ಕೊಂಡು ಹೋಗೋರು ಬನ್ನಿ."

ನೋಡಿಕೊಂಡು ಹೋಗುವುದು ಎಂಬ ಮಾತು ಹೆರ್ಮಿನಿಯಾಗೆ ಹಿಡಿಸಲಿಲ್ಲ. ಅವಳು ಓಡುನಡಿಗೆಯಲ್ಲಿ ಹೋದಳು, ಹಿಂದೆ ಸೆನೋನ್.

ಲಿಂಬೆರ್ ಮೂವತ್ತರ ಆಸುಪಾಸಿನ, ದೊಡ್ಡ ಕಿವಿಯ ಮನುಷ್ಯ. ತಾತಾನ ಪೆಟ್ಟಿಗೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದಿದ್ದ. ತಾತಾಗೆ ಹೊಸ ಟೋಪಿ, ಮೇಲೆ ಕಪ್ಪು ಕನ್ನಡಕ.

"ಕೊಡಪ್ಪ, ನಿನಗೆ ಪುಣ್ಯ ಬರ್ಲಿ" ಎಂದಳು ಹೆರ್ಮಿನಿಯಾ.

"ಅಮ್ಮಾ, ಕೊಡೋದು ತಗೊಳ್ಳೋದು ನಮ್ಮ ಕೈಲಿದ್ಯಾ? ಅವರಾಗೇ ಬಂದ್ರು. ಕನಸಲ್ಲಿ ಬಂದು, ‘ಲಿಂಬೆರ್, ನಿನ್ನ ಹತ್ರ ಕಿಟಕಿ ಇದೆ, ಅಲ್ಲಿ ಬರೀ ಗೋಡೆ’ ಅಂದ್ರು."

ಹೆರ್ಮಿನಿಯಾಳ ಮುಖ ಸಣ್ಣದಾಯಿತು. "ಇನ್ನೇನಂದ?"

"‘ಅಮ್ಮ ಬಂಗಾರದಂಥೋರು. ಆದ್ರೆ ಆ ಮನೆ ಗಂಡಸು ನನ್ನ ಸಿಗರೇಟು ಕದ್ದು ಸೇದ್ತಾನೆ’ ಅಂದ್ರು."

ಹೆರ್ಮಿನಿಯಾ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಸೆನೋನ್ ಆಕಾಶ ನೋಡಿದ. ನಿನ್ನೆ ಬಿಯರಿನ ಹುರುಪಿನಲ್ಲಿ ಕಾರಿನಲ್ಲಿ ಡ್ರೈವರನ ಕಿವಿಗೆ ಬಗ್ಗಿ ಇದನ್ನು ಹೇಳಿ ನಕ್ಕವನು ತಾನೇ ಎಂದು ಅವನಿಗೆ ನೆನಪಾಯಿತು. ಆದರೆ ಅದನ್ನು ಬಾಯಿಬಿಟ್ಟರೆ ಕಳ್ಳತನ ಒಪ್ಪಿಕೊಂಡಂತೆ. ಹೀಗೆ ನಡುಬೀದಿಯಲ್ಲಿ ಒಬ್ಬ ವಿಚಾರವಾದಿ ಪವಾಡಕ್ಕೆ ದಾರಿ ಬಿಟ್ಟು ಸುಮ್ಮನೆ ನಿಂತ.

"ನನ್ನ ಕಷ್ಟಾನೂ ಕೇಳಿ ಅಮ್ಮಾ," ಎಂದ ಲಿಂಬೆರ್. "ಇಷ್ಟು ವರ್ಷದಲ್ಲಿ ಟ್ರಾಫಿಕ್‌ನೋರು ದುಡ್ಡು ಕೀಳದೆ ಬಿಟ್ಟಿಲ್ಲ. ಇವತ್ತು ತಡೆದ್ರು, ಒಳಗೆ ಬಗ್ಗಿ ನೋಡಿದ್ರು, ಶಿಲುಬೆ ಗುರುತು ಹಾಕ್ಕೊಂಡು ಸಲ್ಯೂಟ್ ಹೊಡೆದ್ರು! ಇಂಥವ್ರನ್ನ ಹೆಂಗಮ್ಮ ಬಿಡ್ಲಿ? ಸೋಮವಾರ ಬಂದು ಮಾತಾಡಿಸ್ಕೊಂಡು ಹೋಗಿ." ಅಷ್ಟರಲ್ಲಿ ಅವನ ಫೋನು ಕಿಣಿಕಿಣಿ ಎಂದಿತು. ಗಿರಾಕಿ ಕರೆ. ಅವನು ಕಾರು ಚಾಲೂ ಮಾಡಿದ.

ಹೆರ್ಮಿನಿಯಾ ಗಂಡನನ್ನು ನೋಡಿದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಂದ ಏನಾದರೂ ಆಗುತ್ತದೆ ಎಂಬಂತೆ ನೋಡಿದ್ದು ಅಪರೂಪ. ಸೆನೋನ್‌ಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ರಸ್ತೆಯ ಬದಿಯಿಂದ ಮೂರು ಕಲ್ಲು ಹೊತ್ತು ತಂದು ಕಾರಿನ ಮುಂದೆ ಸಾಲಾಗಿ ಇಟ್ಟ. ಅವುಗಳ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತ.

"ರಸ್ತೆ ತಡೆ!" ಎಂದು ಕೂಗಿದ.

ಆ ಊರಿನ ಜನರ ಒಂದು ಸ್ವಭಾವ ಹೇಳಬೇಕು. ರಸ್ತೆಯಲ್ಲಿ ಮೂರು ಕಲ್ಲು ಕಂಡರೆ ನಾಲ್ಕನೆಯದನ್ನು ಇಡದೆ ಮುಂದೆ ಹೋದವರಿಲ್ಲ. ಮೊದಲು ಬಂದವಳು ಗಾಡಿಯಲ್ಲಿ ಕಿತ್ತಳೆ ರಸ ಮಾರುವ ನಿಕೊಲಾಸಾ.

"ಏನಕ್ಕಣ್ಣ ತಡೆ?"

ತಲೆಬುರುಡೆಗೆ ಎನ್ನಲು ಹಳೆಯ ಮುಖಂಡನಿಗೆ ನಾಚಿಕೆಯಾಯಿತು. "ನಮ್ಮದನ್ನ ನಮಗೆ ಕೊಡೋವರೆಗೂ!" ಎಂದ.

"ಸರಿಯಾಗಿ ಹೇಳ್ದೆ. ನಮ್ಮ ಬೀದಿಗೆ ನೀರು ಬಂದು ತಿಂಗಳಾಯ್ತು" ಎಂದು ಅವಳು ಗಾಡಿಯನ್ನು ಅಡ್ಡ ತಿರುಗಿಸಿದಳು.

ಆಮೇಲೆ ಕಸದ ಲಾರಿ ಬಾರದ ಬೀದಿಯವರು ಬಂದರು. ಮಾಸ್ತರರಿಲ್ಲದ ಶಾಲೆಯ ಮಕ್ಕಳ ತಾಯಂದಿರು ಬಂದರು. ಯಾರೋ ಹಳೆಯ ಟಯರು ಉರುಳಿಸಿಕೊಂಡು ಬಂದು ಬೆಂಕಿ ಕೊಟ್ಟರು. ಯಾಕೆ ಎಂದು ಕೇಳದೆ ಪಟಾಕಿ ಹಚ್ಚಿದವರೂ ಇದ್ದರು. ಮಿನಿಬಸ್ಸುಗಳ ಸಾಲು ಸಂತೆಯಾಚೆಗೂ ಬೆಳೆಯಿತು.

ಲಿಂಬೆರ್ ಅತ್ತಿತ್ತ ನೋಡಿದ. ಮುಂದೆ ಬೆಂಕಿ, ಹಿಂದೆ ಬಸ್ಸು. ಬೆಲ್ಟು ಬಿಚ್ಚಿ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ಹೆರ್ಮಿನಿಯಾಳ ಕೈಗಿಟ್ಟ. "ತಗೊಳ್ಳಿ ಅಮ್ಮಾ. ನಿಮ್ಮ ಯಜಮಾನ್ರಿಗೆ ಏಳೋಕೆ ಹೇಳಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಹೆರ್ಮಿನಿಯಾ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡಳು. ಕಪ್ಪು ಕನ್ನಡಕ ತೆಗೆದು ಹಿಂದಕ್ಕೆ ಕೊಟ್ಟಳು. "ನಡಿ, ಮನೆಗೆ" ಎಂದಳು ಗಂಡನಿಗೆ. ಹಾಗೆನ್ನುವಾಗ ಅವಳ ದನಿಯಲ್ಲಿ ಮೆಚ್ಚುಗೆಯಂಥದ್ದು ಏನೋ ಇತ್ತು.

ಸೆನೋನ್ ವಿಜಯಿಯಾಗಿ ಎದ್ದು ಕೈ ಎತ್ತಿದ. "ಬಂಧುಗಳೇ, ನಮ್ಮ ಬೇಡಿಕೆ ಈಡೇರಿದೆ! ತಡೆ ತೆಗೆಯೋಣ!"

ಯಾರೂ ಅಲುಗಲಿಲ್ಲ.

"ಯಾರ ಬೇಡಿಕೆ?" ಎಂದಳು ನಿಕೊಲಾಸಾ. "ನೀರು ಬಂತಾ?"

"ಮಾಸ್ತರು ಬಂದ್ರಾ?"

"ಒಳಗೊಳಗೇ ಮಾತಾಡ್ಕೊಂಡ! ಎಷ್ಟಕ್ಕೆ ಮಾರ್ಕೊಂಡ್ಯೋ ಮುದುಕಾ?"

ಸೆನೋನ್ ಮುಖಕ್ಕೆ ರಕ್ತ ನುಗ್ಗಿತು. ಈ ಮಾತನ್ನು ಆಯುಷ್ಯವೆಲ್ಲ ಅವನೇ ಬೇರೆಯವರಿಗೆ ಕೂಗಿದ್ದ. ತನ್ನ ಕಿವಿಗೆ ಬಿದ್ದದ್ದು ಇದೇ ಮೊದಲು. ಮತ್ತೆ ಕಲ್ಲುಗಳ ಹಿಂದೆ ಕೂತ.

ಅಲ್ಲೇ ಸಭೆ ಕೂಡಿತು. ಬೇಡಿಕೆಗಳನ್ನು ಜೋಡಿಸಿದರು, ಸೆನೋನ್ ಗಿರಣಿಯ ಸಂಬಳವನ್ನೂ ಸೇರಿಸಿ ಎಂದಾಗ, ಆಗಲಿ ಪಾಪ ಎಂದು ಕೊನೆಗೆ, ಬೀದಿನಾಯಿಗಳ ಕಾಟದ ಕೆಳಗೆ ಸೇರಿಸಿದರು. ಇನ್ನು ಮುಖಂಡನ ಆಯ್ಕೆ. ಸೆನೋನ್ ಗಂಟಲು ಸರಿಪಡಿಸಿಕೊಂಡ, ಅಂಗಿಯ ಧೂಳು ಕೊಡವಿದ. ಒಲ್ಲೆ ಒಲ್ಲೆ ಎಂದು ಒಪ್ಪಿಕೊಳ್ಳುವ ಭಾಷಣ ಅವನ ನಾಲಿಗೆ ತುದಿಯಲ್ಲಿತ್ತು.

ನಿಕೊಲಾಸಾ ಹೆರ್ಮಿನಿಯಾಳ ಕೈಯತ್ತ ನೋಡಿದಳು. "ಇವರ್‍ಯಾರಕ್ಕ?"

"ತಾತಾ ಸೆವೆರೊ."

"ಇವರೇ ಆಗ್ಲಿ," ಎಂದಳು ನಿಕೊಲಾಸಾ. "ಹಿಂಬಾಗಿಲಿಂದ ಮಂತ್ರಿ ಮನೆಗೆ ಹೋಗಲ್ಲ. ತಿನ್ನಲ್ಲ. ಮಾತು ಬದಲಾಯ್ಸಲ್ಲ. ಹೊಡೆದ್ರೂ ಸಾಯಲ್ಲ."

ಇದ್ದಬದ್ದ ಕೈಗಳೆಲ್ಲ ಮೇಲೆದ್ದವು. ಲಿಂಬೆರ್ ಎರಡೂ ಕೈ ಎತ್ತಿದ್ದ. ಇಷ್ಟು ವರ್ಷದಲ್ಲಿ ಸೆನೋನ್‌ಗೆ ಯಾವ ಸಭೆಯಲ್ಲೂ ಇಂಥ ಬಹುಮತ ಬಂದಿರಲಿಲ್ಲ. ತಾತಾನನ್ನು ಕಲ್ಲುರಾಶಿಯ ನೆತ್ತಿಯ ಮೇಲೆ ಕೂರಿಸಿ ಪೆಟ್ಟಿಗೆಗೆ ಮುಖಂಡನ ಬಟ್ಟೆಪಟ್ಟಿ ಸುತ್ತಿದರು. ತಡೆ ಮುಗಿಯುವ ತನಕ ಮುಖಂಡ ಜಾಗ ಬಿಟ್ಟು ಕದಲಕೂಡದು ಎಂಬುದು ಅಲ್ಲಿಯ ಕಟ್ಟಳೆ.

"ಹೆರ್ಮಿನಿಯಾ," ಎಂದ ಸೆನೋನ್ ಪಿಸುಗುಟ್ಟುತ್ತ, "ಇದು ನಾನಂದ್ಕೊಂಡ ಹಾಗೆ ಆಗ್ಲಿಲ್ಲ."

ಹೆರ್ಮಿನಿಯಾ ಕಲ್ಲುರಾಶಿಯ ಮೇಲಿದ್ದವನನ್ನು ನೋಡಿದಳು. ಕೆಳಗೆ ನಿಂತವನನ್ನು ನೋಡಿದಳು. ನೆರಿಗೆ ಲಂಗ ಹರವಿಕೊಂಡು ರಾಶಿಯ ಬುಡದಲ್ಲಿ ಕೂತಳು.

"ಅವನಿದ್ದಲ್ಲಿ ನಾನು. ನೀನು ಹೊರಡು."

"ಎಲ್ಲಿಗೆ?"

"ಮನೆಗೆ. ಒಲೆ ಹಚ್ಚು. ಇಷ್ಟು ಜನಕ್ಕೆ ಸಾರು ಯಾರು ಮಾಡ್ತಾರೆ?"

"ನಾನಾ?"

"ಇಷ್ಟು ವರ್ಷ ನೀನು ರಸ್ತೇಲಿ ಕೂತೆ, ನಾನು ಬೇಯಿಸಿ ಹೊತ್ತು ತಂದೆ. ಈಗ ನಾನು ಕೂರ್ತೀನಿ. ಹೋಗು ಹೋಗು, ಉಪ್ಪು ಡಬ್ಬ ಕೆಳಗಿನ ಗೂಡಲ್ಲಿದೆ."

ಸೆನೋನ್ ಹೋದ. ತಡೆ ಇನ್ನೂ ತೆಗೆದಿಲ್ಲ. ಮಂತ್ರಿಗಳ ಕಡೆಯವರು ಮಾತುಕತೆಗೆ ಬಂದಿದ್ದರಂತೆ. ಮುಖಂಡರು ತುಟಿಪಿಟಕ್ಕೆನ್ನದೆ ಕೂತಿದ್ದನ್ನು ಕಂಡು ಬೆವೆತು ಹೋದರಂತೆ. ಹೆರ್ಮಿನಿಯಾ ಅಲ್ಲೇ ಇದ್ದಾಳೆ, ಚೆನ್ನಾಗಿದ್ದಾಳೆ. ಇತ್ತ ಸೆನೋನ್ ಅಡುಗೆಮನೆಯ ನೆಲದಲ್ಲಿ ಎರಡು ಮೂಟೆ ಆಲೂಗೆಡ್ಡೆಯ ನಡುವೆ ಕೂತು ಸುಲಿಯುತ್ತಿದ್ದಾನೆ. ಬೆರಳು ಕುಯ್ದುಕೊಂಡಿದ್ದಾನೆ. ಮೊದಲ ಹಂಡೆ ಸೀದುಹೋಯಿತು, ಎರಡನೆಯದಕ್ಕೆ ಉಪ್ಪು ಹೆಚ್ಚಾಯಿತು ಎಂದು ರಸ್ತೆಯಿಂದ ದೂರು ಬಂದಿದೆ. ಜನ ಹೆಚ್ಚುತ್ತಲೇ ಇದ್ದಾರೆ, ಸುಲಿಯುವ ಕೈ ಎರಡೇ.

ಓದಿ ನಕ್ಕಿರಲ್ಲ? ಆಯಿತು. ಈಗ ಎದ್ದು ನಿಮ್ಮ ಅಡುಗೆಮನೆಯ ಚಾಕು ತೆಗೆದುಕೊಂಡು ಬನ್ನಿ. ಸಿಪ್ಪೆಯನ್ನು ತೆಳ್ಳಗೆ ತೆಗೆಯಬೇಕು.