ಗಾಬರಿಯ ಗೆರೆ

ಎಲ್ಲ ರಗಳೆಗೂ ಕಾರಣ ಅಕ್ಕಿಕಾಳಿನಷ್ಟಿದ್ದ ಒಂದು ಯಂತ್ರ. ಪ್ರಯೋಗಾಲಯದ ಬಿಳಿ ಮೊಲದ ಚರ್ಮದಡಿ ಅದನ್ನು ಕೂರಿಸಿದ್ದರು. ಬೆದರಿದಾಗ ಮೊಲದ ಮೈಯಲ್ಲಿ ಹೆಚ್ಚುವ ಹಾರ್ಮೋನನ್ನು ಅಳೆದು, ತಂತಿಯ ಹಂಗಿಲ್ಲದೆ ಗೋಡೆಯ ಪರದೆಗೆ ಕಳಿಸುವುದು ಅದರ ಕೆಲಸ. ಮೊಲ ನೆಮ್ಮದಿಯಾಗಿದ್ದರೆ ಪರದೆಯ ಗೆರೆ ಮಲಗಿರುತ್ತದೆ, ಗಾಬರಿಯಾದರೆ ಏಳುತ್ತದೆ.

"ಸಂಜೆವರೆಗೂ ಗೆರೆ ಏಳದ ಹಾಗೆ ನೋಡ್ಕೊಳ್ಳಿ. ನಾಳೆಯಿಂದ ನಿಮಗೆ ಮೇಲಿನ ಮಹಡೀಲಿ ಕೆಲಸ," ಎಂದು ಮೊಲ ನೋಡಿಕೊಳ್ಳುವವನಿಗೆ ಪ್ರಯೋಗಾಲಯ ನಡೆಸುವ ಮೇಡಂ ಮಾತು ಕೊಟ್ಟರು. ಬೆನ್ನ ಹಿಂದೆ ಎಲ್ಲರೂ ಅವನನ್ನು ಸಿಡುಕಪ್ಪ ಎನ್ನುತ್ತಿದ್ದರು. ಆ ನಾತದ ಕೋಣೆಯಿಂದ ಪಾರಾಗಲು ಅವನು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಕಾದಿದ್ದ. ಮನೆಯಲ್ಲಿ ಹೆಂಡತಿ ಅವನ ಅಂಗಿಯನ್ನು ಕೋಲಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು.

ಆದರೆ ನೆಮ್ಮದಿಯಾಗಿರಲು ಜನ ಬಿಡಬೇಕಲ್ಲ! ಕಸ ಗುಡಿಸುವ ಅಕ್ಕ ಇಣುಕಿದಳು. "ಅಯ್ಯೋ, ಎಷ್ಟ್ ಮುದ್ದಾಗಿದೆ!"

"ಮುದ್ದೂ ಇಲ್ಲ, ಮಣ್ಣೂ ಇಲ್ಲ. ಪೊರಕೆ ತಗೊಂಡು ಹೊರಗೆ ನಡಿ!"

ಗೆರೆ ಛಂಗನೆ ಎದ್ದಿತು.

"ನೋಡು! ನಿನ್ನ ಮುಖ ನೋಡಿ ಹೆದರ್ಕೊಂಡಿದೆ!" ಸಿಡುಕಪ್ಪ ಅವಳ ಮೇಲೆ ರೇಗಿದ.

ಗಲಾಟೆ ಕೇಳಿ ಕಾವಲುಗಾರ ಬಂದ. ಬೂಟಿನ ಸದ್ದಿಗೆ ಅವನಿಗೂ ಮಂಗಳಾರತಿಯಾಯಿತು. ಗೆರೆ ಇನ್ನೂ ಮೇಲೇರಿತು. ಲೆಕ್ಕದ ವಿಭಾಗದವನು ಬಾಗಿಲಲ್ಲಿ ನಿಂತು, "ಸೆಕೆ ಇರ್ಬೇಕು ಕಣ್ರೀ, ಫ್ಯಾನ್ ಹಾಕಿ," ಎಂದ.

"ನಿಮ್ಮಪ್ಪ ಏನು ಮೊಲದ ಡಾಕ್ಟರಾ?"

ಕೇಳದೇ ಬುದ್ಧಿ ಹೇಳಲು ಬಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಸಿಡುಕಪ್ಪ ಬಾಗಿಲಿಗೆ ಕುರ್ಚಿ ಒತ್ತಿ, ಹೊರಗೆ ಹಾರ್ನ್ ಹೊಡೆಯುತ್ತಿದ್ದ ಡ್ರೈವರಿಗೆ ಕಿಟಕಿಯಿಂದಲೇ ಉಗಿದು, ಕೊನೆಗೆ ಬೋನಿನ ಮುಂದೆ ಬಂದು ನಿಂತ.

"ನಿನಗೇನೋ ಕಡಿಮೆ ಮಾಡಿದ್ದೀನಿ ನಾನು? ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದ್ಯಾ?"

ಗೆರೆ ಪರದೆಯ ಮೇಲಂಚು ಮುಟ್ಟಿತು.

ಸಂಜೆ ಮೇಡಂ ಬಂದರು, ಹಿಂದೆಯೇ ಬೈಸಿಕೊಂಡವರೆಲ್ಲ ಬಂದರು. "ಎಲ್ಲಾ ಇವರದ್ದೇ ಕಿತಾಪತಿ, ಮೇಡಂ!" ಎಂದು ಸಿಡುಕಪ್ಪ ಅರಚಿದ.

ಮೇಡಂ ಪರದೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ನೀವು ಸ್ವಲ್ಪ ಹೊರಗಿರಿ."

ಅವನು ಹೋದ ಸ್ವಲ್ಪ ಹೊತ್ತಿಗೆ ಗೆರೆ ಮಲಗಿತು. ಮೇಡಂ ಹೇಳಿದಂತೆ ಕಾವಲುಗಾರ ಕೂಗಿದ, ಅಕ್ಕ ಬಕೆಟ್ಟು ಬಡಿದಳು. ಮೊಲ ಹುಲ್ಲು ಮೆಲ್ಲುತ್ತಲೇ ಇತ್ತು. ಹೊರಗಿನಿಂದ ಸಿಡುಕಪ್ಪ ಒಮ್ಮೆ ಕ್ಯಾಕರಿಸಿದ. ಗೆರೆ ಎದ್ದು ನಿಂತಿತು!

ಕೆಲಸವೇ ಹೋಯಿತೆಂದುಕೊಂಡು ಅವನು ಒಳಗೆ ಬಂದರೆ ಮೇಡಂ ಮುಖ ಅರಳಿತ್ತು.

"ಈ ಯಂತ್ರ ನಿಜವಾಗ್ಲೂ ಕೆಲಸ ಮಾಡುತ್ತೆ ಅಂತ ಇವತ್ತು ಗೊತ್ತಾಯ್ತು ನೋಡಿ! ಇನ್ಮೇಲೆ ದಿನಾ ಪರೀಕ್ಷೆ ಮಾಡ್ಬೇಕು. ನೀವು ಬೆಳಗ್ಗೆ, ಸಂಜೆ ಬೈದ್ರೆ ಸಾಕು."

"ಮತ್ತೆ ಮೇಲಿನ ಮಹಡಿ?"

"ಅಲ್ಲಿಂದ ಬೈದ್ರೆ ಮೊಲಕ್ಕೆ ಹೇಗ್ರೀ ಕೇಳ್ಸುತ್ತೆ?"

ಸಿಡುಕಪ್ಪನ ಪಿತ್ತ ನೆತ್ತಿಗೇರಿತು. ಮೊಲಕ್ಕೆ, ಯಂತ್ರಕ್ಕೆ, ಮಹಡಿಗೆ, ಕೊನೆಗೆ ಮೇಡಂಗೂ ಬಾಯಿಗೆ ಬಂದಂತೆ ಬೈದುಬಿಟ್ಟ. ಮೇಡಂ ಅವನತ್ತ ತಿರುಗಿಯೂ ನೋಡಲಿಲ್ಲ. ಗೆರೆಯ ಮೇಲೇ ಕಣ್ಣಿಟ್ಟು, "ಭೇಷ್! ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ!" ಎಂದರು.